ಬೆಂಗಳೂರು ರಸ್ತೆ ಹಿಡಿದರೆ ಬೆಂಗಳೂರು ಸಿಗುತ್ತದೆಯೇ?

ಪ್ರಶ್ನೆ: ಬಳ್ಳಾರಿ ಪೇಟೆಯ ನಡುವೆ ಹಾದುಹೋಗುವ ಮುಖ್ಯ ರಸ್ತೆಗೆ ಬೆಂಗಳೂರು ರಸ್ತೆ ಅಂತ ಯಾಕೆ ಕರೀತಾರೆ? ಬಳ್ಳಾರಿ ಆಂಧ್ರದಿಂದ ಕರ್ನಾಟಕಕ್ಕೆ ಬಂದ ನೆನಪಿಗೆ ಇಟ್ಟ ಹೆಸರಂತೆ, ನಿಜವೇ?

ಉತ್ತರ: ಮೊದಲ ಅರ್ಧಕ್ಕೆ ನಾಲ್ಕು ಮಾತು ಸಾಕು. ಎರಡನೇ ಅರ್ಧಕ್ಕೆ ಎಷ್ಟು ಸಲ ಉತ್ತರ ಹೇಳಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ನಮ್ಮೂರಲ್ಲಿ ರಸ್ತೆ ಯಾವ ಊರಿನ ಕಡೆ ಮುಖ ಮಾಡಿದೆಯೋ ಅದೇ ಅದರ ಹೆಸರು. ಸಿರುಗುಪ್ಪ ರಸ್ತೆ, ಹೊಸಪೇಟೆ ರಸ್ತೆ, ಅನಂತಪುರ ರಸ್ತೆ, ಮೋಕಾ ರಸ್ತೆ, ಕಪ್ಪಗಲ್ಲು ರಸ್ತೆ. ಬೆಂಗಳೂರು ರಸ್ತೆಯೂ ಇದೇ ಸಾಲಿನದು. ರಾಜಧಾನಿಯ ಗೌರವಕ್ಕೆ ಇಟ್ಟದ್ದು ಅನ್ನುವವರು ಮೋಕಾ ಯಾವ ರಾಜ್ಯದ ರಾಜಧಾನಿ ಅಂತ ಹೇಳಲಿ, ಆಮೇಲೆ ಮಾತಾಡೋಣ. ಊರು ಬೆಳೆದು ಬೈಪಾಸು ಬಂದ ಮೇಲೆ ಬೆಂಗಳೂರಿಗೆ ಹೋಗುವ ಗಾಡಿಗಳಿಗೆ ಈ ಇಕ್ಕಟ್ಟಿನಲ್ಲಿ ನುಗ್ಗುವ ಕೆಲಸ ಉಳಿದಿಲ್ಲ. ಈಗ ಇಲ್ಲಿಗೆ ಬರುವವರು ಬಟ್ಟೆ, ಬಂಗಾರ, ಪಾತ್ರೆ ಕೊಳ್ಳುವವರು ಮತ್ತು ಬೈಕ್ ನಿಲ್ಲಿಸಲು ಜಾಗ ಹುಡುಕುತ್ತಾ ಮೂರು ಸುತ್ತು ಹೊಡೆಯುವವರು.

ಇನ್ನು ಆ ‘ಆಂಧ್ರದಿಂದ ಬಂದ’ ಕಥೆ.

ಬಳ್ಳಾರಿ ಒಂದು ದಿನಕ್ಕೂ ಆಂಧ್ರದಲ್ಲಿ ಇರಲಿಲ್ಲ. ಆಂಧ್ರ ರಾಜ್ಯ ಹುಟ್ಟಿದ್ದೇ 1953ರ ಅಕ್ಟೋಬರ್ 1ರಂದು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ದಿನ, ಅದೇ ಕಾಯ್ದೆಯಿಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಕೇಳಿದ್ದೇವೆ, ಇವರು ಕೂಸು ಹುಟ್ಟುವ ಮುಂಚೆಯೇ ಅದರ ಹೆಸರಿಗೆ ಖಾತೆ ಮಾಡಿಸಿಬಿಟ್ಟಿದ್ದಾರೆ! ಅಲ್ಲಿಯವರೆಗೆ ನಾವಿದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ‘ಆಂಧ್ರದವರೂ ಮದ್ರಾಸಿನಲ್ಲೇ ಇದ್ದರಲ್ಲ ಸಾರ್, ಎರಡೂ ಒಂದೇ ಆಯ್ತಲ್ಲ?’ ಅನ್ನುತ್ತಾರೆ. ಒಂದೇ ವಠಾರದಲ್ಲಿ ಬಾಡಿಗೆಗಿದ್ದ ಮಾತ್ರಕ್ಕೆ ನೀವು ಪಕ್ಕದ ಮನೆಯ ಮಗ ಆಗುತ್ತೀರಾ? ಮಂಗಳೂರೂ ಮದ್ರಾಸಿನಲ್ಲೇ ಇತ್ತು. ಅದನ್ನು ಯಾರೂ ಆಂಧ್ರದ್ದು ಅನ್ನುವುದಿಲ್ಲ.

ಜಗಳ ನಡೆದದ್ದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಬಳ್ಳಾರಿ ತಾಲೂಕು ತಮಗೆ ಬೇಕು ಅಂತ ಎರಡೂ ಕಡೆಯವರು ಪಟ್ಟು ಹಿಡಿದಿದ್ದರು. ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವಿಚಾರಣೆ ಮಾಡಿ ಮೈಸೂರಿಗೆ ಸೇರಲಿ ಅಂದರು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಏಳು ಇತ್ತ ಬಂದವು. ಆ ವಿಲೀನದ ಹೊತ್ತಿನಲ್ಲಿ ಸಮಾರಂಭದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ಬಲ್ಬ್ ದಾಳಿಗೆ ಬಲಿಯಾದರು. 1956ರಲ್ಲಿ ಹೈದರಾಬಾದ್ ಮತ್ತು ಮುಂಬಯಿ ಪ್ರಾಂತ್ಯದ ಜಿಲ್ಲೆಗಳು ಬರುವುದಕ್ಕೆ ಮೂರು ವರ್ಷ ಮೊದಲೇ ನಾವು ಈ ಕಡೆ ಇದ್ದೆವು. ಶಾಲೆಯ ಭಾಷಣಗಳಲ್ಲಿ ಎಲ್ಲವನ್ನೂ 1956ಕ್ಕೆ ಕಟ್ಟಿಬಿಡುವ ಮೇಷ್ಟರುಗಳಿಗೆ ಇದನ್ನು ದಯವಿಟ್ಟು ತಲುಪಿಸಿ.

ಹಾಗಾದರೆ ಅಂಗಡಿಗಳಲ್ಲಿ ಇಷ್ಟು ತೆಲುಗು ಯಾಕೆ? ಇಲ್ಲೇ ನನಗೆ ತುಂಬಾ ಇಷ್ಟವಾದ ಸಂಗತಿ ಇರುವುದು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ಮುಂದೆ ಬಳ್ಳಾರಿ ಜಿಲ್ಲೆ ಎಷ್ಟು ದೊಡ್ಡದಿತ್ತೆಂದರೆ ಅನಂತಪುರವೂ ಅದರೊಳಗಿತ್ತು. ಅದನ್ನು ಬೇರೆ ಜಿಲ್ಲೆ ಮಾಡಿದ್ದು 1882ರಲ್ಲಿ. ಬಳ್ಳಾರಿ ಆಂಧ್ರದಲ್ಲಿತ್ತು ಅನ್ನುವವರಿಗೆ ಇನ್ನು ಮೇಲೆ ಇಷ್ಟು ಹೇಳಿ: ಇಲ್ಲ ಸ್ವಾಮಿ, ಅನಂತಪುರವೇ ಬಳ್ಳಾರಿಯಲ್ಲಿತ್ತು. ಎರಡು ಭಾಷೆ ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಬೆಳೆದ ಊರು ಇದು. ನಾಟಕದ ಬಳ್ಳಾರಿ ರಾಘವ ಎರಡರಲ್ಲೂ ಬಣ್ಣ ಹಚ್ಚಿದವರು, ಅವರ ಹೆಸರಿನ ರಂಗಮಂದಿರ ಇವತ್ತಿಗೂ ಇಲ್ಲಿದೆ. ಬೆಂಗಳೂರು ರಸ್ತೆಯ ಅಂಗಡಿಯಾತ ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಚೌಕಾಸಿ ಕೇಳಿಸಿಕೊಂಡು, ಉರ್ದುವಿನಲ್ಲಿ ಹುಡುಗನಿಗೆ ಮಾಲು ತರಲು ಹೇಳಿದರೆ ಅದು ಗಡಿ ವಿವಾದ ಅಲ್ಲ, ವ್ಯಾಪಾರ.

ಇನ್ನೊಂದು, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ‘ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಳ್ಳಾರಿಗೂ ಇದೆ, ಅಂದರೆ 1948ರ ತನಕ ನಿಜಾಮರ ಕೈಯಲ್ಲೇ ಇತ್ತು’ ಅನ್ನುವ ಹೊಸ ತಳಿ ಒಂದು ಹುಟ್ಟಿಕೊಂಡಿದೆ. ಮೀಸಲಾತಿಯ ಪಟ್ಟಿಯಲ್ಲಿ ರಾಯಚೂರು, ಕೊಪ್ಪಳಗಳ ಪಕ್ಕ ನಮ್ಮ ಹೆಸರಿದೆ, ಒಪ್ಪಿದೆ. ರಾಯಚೂರು, ಕೊಪ್ಪಳ ನಿಜಾಮರಲ್ಲಿದ್ದವು. ನಾವು 1800ರಲ್ಲೇ ಅವರ ಕೈಬಿಟ್ಟವರು. ಹಿಂದುಳಿದ ಜಿಲ್ಲೆಗೆ ಸಿಕ್ಕ ಸವಲತ್ತನ್ನು ಹಿಡಿದುಕೊಂಡು ನೂರೈವತ್ತು ವರ್ಷದ ಚರಿತ್ರೆ ತಿದ್ದಲು ಬರುವುದಿಲ್ಲ.

ಕೊನೆಗೆ, ನಿಜವಾಗಿ ಬೆಂಗಳೂರಿಗೇ ಹೋಗಬೇಕಾದವರಿಗೆ: ಕಾರಾದರೆ ಚಳ್ಳಕೆರೆ, ಹಿರಿಯೂರು ಮೇಲೆ ಹೋಗಿ. ರೈಲಾದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ. ಅದು ಗುಂತಕಲ್, ಅನಂತಪುರ, ಧರ್ಮಾವರಂ ಸುತ್ತಿ, ಆಂಧ್ರದೊಳಗೇ ನಿದ್ದೆ ಮಾಡಿಸಿಕೊಂಡು ಬೆಳಗ್ಗೆ ಬೆಂಗಳೂರಿಗೆ ಇಳಿಸುತ್ತದೆ. ಬೆಂಗಳೂರು ರಸ್ತೆಗೆ ಹೋಗಬೇಕಾದವರು ಆಟೋದವನಿಗೆ ರಾಯಲ್ ಸರ್ಕಲ್ ಅನ್ನಿ. ಫಲಕದಲ್ಲಿ ಗಡಿಗಿ ಚೆನ್ನಪ್ಪ ವೃತ್ತ ಅಂತಿದ್ದರೆ ಗಾಬರಿಯಾಗಬೇಡಿ, ಎರಡೂ ಒಂದೇ. ಅಲ್ಲಿಂದ ಬ್ರೂಸ್‌ಪೇಟೆ ಕಡೆ ನಡೆಯಿರಿ. ಸಂಜೆ ಆರರ ಮೇಲಾದರೆ ಬೈಕ್ ಮನೆಯಲ್ಲೇ ಬಿಟ್ಟು ಬನ್ನಿ.