ಏರುದಾರಿಯ ಡಾಗ್‌ಲೆಗ್: ತಿರುವಿಗಿಂತ ಏರೇ ದುಬಾರಿ

ಮಾಂಜ್ರಾ ಕಣಿವೆಯಿಂದ ಬೀದರಿನ ಕೆಂಪು ಪ್ರಸ್ಥಭೂಮಿಯ ಅಂಚಿಗೆ ಏರುವ ಜಾಗದಲ್ಲಿ ಗಾಲ್ಫ್‌ನ ಒಂದು ಹೋಲ್, ಅಂದರೆ ಮೊದಲ ಹೊಡೆತದಿಂದ ಕುಳಿಯವರೆಗಿನ ಆಟದ ಹಾದಿ, ಇದೆ ಎಂದುಕೊಳ್ಳಿ. ಮೊದಲ ಹೊಡೆತ ಹೊಡೆಯುವ ಟೀಯಿಂದ 210 ಮೀಟರ್ ನೇರ, ಅಲ್ಲಿ ಬಲಕ್ಕೆ 40 ಡಿಗ್ರಿ ತಿರುವು, ಮುಂದೆ 140 ಮೀಟರ್ ಉದ್ದದ ಏರುದಾರಿ, ತುದಿಯಲ್ಲಿ ಧ್ವಜ ನೆಟ್ಟ ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್. ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಹೀಗೆ ನಡುವೆ ಬಾಗಿದ ಹೋಲಿಗೆ ಡಾಗ್‌ಲೆಗ್ ಎನ್ನುತ್ತಾರೆ. ತಿರುವಿನ ಒಳಮೂಲೆ ತುಂಬ ಬಳ್ಳಾರಿ ಜಾಲಿ. ನಮ್ಮ ಕಡೆ ಅದನ್ನು ಯಾರೂ ನೆಡಬೇಕಾಗಿಲ್ಲ.

ಟೀ ಮೇಲೆ ನಿಂತವರಿಗೆ ಮೊದಲು ಬರುವ ಆಸೆ ಜಾಲಿಯ ಮೇಲಿಂದ ಹಾರಿಸಿ ದೂರ ಉಳಿಸೋಣ ಎಂಬುದು. ಉಳಿಯುವುದೆಷ್ಟು? ಟೀಯಿಂದ ಗ್ರೀನಿಗೆ ನೇರ ಗೆರೆ ಎಳೆದರೂ 330 ಮೀಟರ್. ಇಡೀ ತಿರುವನ್ನು ನುಂಗಿದರೂ 20 ಮೀಟರ್ ಲಾಭ, ಅಷ್ಟೇ. 200 ಮೀಟರ್ ಹೊಡೆಯುವವರು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ನಡುವೆ ಚೆಂಡು ಇಟ್ಟರೆ 148 ಮೀಟರ್ ಉಳಿಯುತ್ತದೆ. 8 ಡಿಗ್ರಿ ಬಲಕ್ಕೆ ತಿರುಗಿಸಿ ಜಾಲಿ ದಾಟಿಸಿದರೆ 134. ಈ 14 ಮೀಟರ್ ಎಂದರೆ ಒಂದೂವರೆ ಕ್ಲಬ್‌ನ (ಚೆಂಡು ಹೊಡೆಯುವ ಕೋಲು) ವ್ಯತ್ಯಾಸ. ಚೆಂಡು ಮುಳ್ಳಿನೊಳಗೆ ಹೋದರೆ ಹುಡುಕಲು ಸಿಗುವುದು 3 ನಿಮಿಷ. ಸಿಗದಿದ್ದರೆ ಮತ್ತೆ ಟೀಗೆ ಬಂದು ಹೊಡೆಯುವುದು ದಂಡ ಸೇರಿ ಮೂರನೇ ಹೊಡೆತ. ಬದಲಿಗೆ ತಿರುವಿನ ಹೊರಬದಿ, ಅಂದರೆ ನಡುವಿನಿಂದ 15 ಮೀಟರ್ ಎಡಕ್ಕೆ ಬಿದ್ದರೆ 157 ಉಳಿಯುತ್ತದೆ. 9 ಮೀಟರ್ ನಷ್ಟ ನಿಜ, ಆದರೆ ಗ್ರೀನಿನ ಕಡೆಗಿನ ದಾರಿ ಪೂರ್ತಿ ತೆರೆದಿರುತ್ತದೆ. ನಮ್ಮ ಮಟ್ಟಿಗೆ ಇದೇ ಅಗ್ಗದ ವ್ಯಾಪಾರ.

ನಿಜವಾದ ಸುಂಕ ಕಟ್ಟಬೇಕಾದದ್ದು ಎರಡನೇ ಹೊಡೆತಕ್ಕೆ. ಐರನ್‌ನಿಂದ, ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್‌ನಿಂದ ಹೊಡೆದ ಚೆಂಡು ಸುಮಾರು 45 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ನೆಲ 1 ಮೀಟರ್ ಮೇಲಿದ್ದರೆ ಚೆಂಡು ಅದಕ್ಕೆ 1 ಮೀಟರ್ ಮೊದಲೇ ತಗಲುತ್ತದೆ. ಆದ್ದರಿಂದ ಎಷ್ಟು ಮೀಟರ್ ಏರೋ ಅಷ್ಟು ಮೀಟರ್ ದೂರ ಸೇರಿಸಬೇಕು. ಅತಿ ದೂರ ಹೊಡೆಯುವ ಕ್ಲಬ್ ಆದ ಡ್ರೈವರಿನ ಹೊಡೆತ ಇನ್ನೂ ಚಪ್ಪಟೆಯಾಗಿ ಇಳಿಯುವುದರಿಂದ ಅದಕ್ಕೆ ನಷ್ಟ ಹೆಚ್ಚು.

ಏರು ಅಳೆಯಲು ಫೋನಿನ ಲೆವೆಲ್ ಸಾಕು. ಚೆಂಡಿನ ಬಳಿ ನಿಂತು ಫೋನಿನ ಅಂಚನ್ನು ಕಣ್ಣಿಗೆ ಹಿಡಿದು, ಧ್ವಜದ ಕಂಬದ ಮುಕ್ಕಾಲು ಎತ್ತರಕ್ಕೆ ಗುರಿಯಿಡಿ. ಕಂಬ ಸಾಮಾನ್ಯವಾಗಿ 2 ಮೀಟರಿಗೆ ತುಸು ಮೇಲಿರುವುದರಿಂದ ಆ ಬಿಂದು ಹೆಚ್ಚುಕಡಿಮೆ ನಿಮ್ಮ ಕಣ್ಣಿನೆತ್ತರಕ್ಕೆ ಸಮ. ಬುಡ ನೋಡಿದರೆ ಲೆಕ್ಕ ತಪ್ಪುತ್ತದೆ. 148 ಮೀಟರಿಗೆ 5 ಡಿಗ್ರಿ ತೋರಿಸಿದರೆ ಏರು 13 ಮೀಟರ್. ಇದು ಅಭ್ಯಾಸಕ್ಕೆ ಮಾತ್ರ. ಪಂದ್ಯದಲ್ಲಿ ಉಪಕರಣದಿಂದ ಏರಿಳಿತ ಅಳೆಯುವುದು ನಿಯಮಬಾಹಿರ.

ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ, ಗಾಳಿ ತೆಳು. ಇದರಿಂದ ಚೆಂಡು ಶೇಕಡಾ 2ರಿಂದ 3ರಷ್ಟು ಹೆಚ್ಚು ಹೋಗುತ್ತದೆ, ಅಂದರೆ ಇಲ್ಲಿ ಸುಮಾರು 4 ಮೀಟರ್. ಮೇ ತಿಂಗಳ ಬಿಸಿಲೂ ಸ್ವಲ್ಪ ನೆರವಾಗುತ್ತದೆ. ಆದರೂ 13 ಮೀಟರಿನ ಸಾಲ ಪೂರ್ತಿ ತೀರುವುದಿಲ್ಲ. ಅಲ್ಲದೆ ಬೀದರಿನಲ್ಲೇ ಆಡಿ ಕಲಿತವರ ಅಂದಾಜಿನಲ್ಲಿ ಈ ಲಾಭ ಆಗಲೇ ಸೇರಿರುತ್ತದೆ, ಎರಡು ಸಲ ಎಣಿಸಬಾರದು.

ಹೆಚ್ಚಿನವರು ಎಡವುವುದು ಕಾಲ ಕೆಳಗಿನ ಇಳಿಜಾರಿನಲ್ಲಿ. ಏರುಮುಖದ ನೆಲದಲ್ಲಿ ಸಮತಟ್ಟಿನಂತೆ ನಿಂತು ಬೀಸಿದರೆ ಕ್ಲಬ್ ನೆಲಕ್ಕೆ ನಾಟುತ್ತದೆ. ಭುಜಗಳನ್ನು ಇಳಿಜಾರಿಗೆ ಸಮಾಂತರವಾಗಿ ಓರೆ ಮಾಡಿ, ಭಾರ ಹಿಂಗಾಲಿನ ಮೇಲೆ ತುಸು ಹೆಚ್ಚು ಬಿಡಬೇಕು. ಹಾಗೆ ನಿಂತಾಗ 5 ಡಿಗ್ರಿ ಇಳಿಜಾರು ಕ್ಲಬ್ಬಿನ ಮುಖವನ್ನೂ ಅಷ್ಟೇ ಮೇಲಕ್ಕೆ ತಿರುಗಿಸುತ್ತದೆ. ಕೈಯಲ್ಲಿರುವುದು 5 ಐರನ್, ಹಾರುವುದು 6 ಐರನ್ನಿನಂತೆ, ಎತ್ತರ ಹೆಚ್ಚು, ದೂರ ಕಡಿಮೆ. ಬಲಗೈ ಆಟಗಾರರ ಚೆಂಡು ಎಡಕ್ಕೆ ಎಳೆಯುವುದೂ ಇದೆ, ಗುರಿಯನ್ನು ಸ್ವಲ್ಪ ಬಲಕ್ಕಿಡಿ. ಒಟ್ಟಿನಲ್ಲಿ ಸಮತಟ್ಟಿನಲ್ಲಿ ಈ ದೂರಕ್ಕೆ 5 ಐರನ್ ಹಿಡಿಯುವವರು ಇಲ್ಲಿ ಅದಕ್ಕಿಂತ ದೂರ ಹೊಡೆಯುವ 3 ಹೈಬ್ರಿಡ್ ಅಥವಾ 7 ವುಡ್ ಕ್ಲಬ್ ತೆಗೆಯಬೇಕು. 5 ಐರನ್ನನ್ನೇ ಜೋರಾಗಿ ಬೀಸಿದರೆ ತೋಲ ತಪ್ಪುತ್ತದೆ, ಚೆಂಡು ಇನ್ನಷ್ಟು ಎಡಕ್ಕೆ ಹೋಗುತ್ತದೆ.

ಅಷ್ಟು ಉದ್ದದ ಕ್ಲಬ್ ಕೈಗೆ ಒಗ್ಗದವರು 70 ಮೀಟರ್ ಮುಂದಿಟ್ಟು, ಉಳಿದದ್ದನ್ನು ಕಡಿಮೆ ದೂರಕ್ಕೆ ಎತ್ತರ ಹಾರಿಸುವ ವೆಜ್ ಕ್ಲಬ್‌ನಿಂದ ಏರಿಸಲಿ. ಬೋಗಿ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ಸುಲಭ, ಪಾರ್ ಕೂಡ ಸಾಧ್ಯ.

ಎತ್ತರದ ಗ್ರೀನ್‌ಗಳು ಸಾಮಾನ್ಯವಾಗಿ ಹಿಂದಿನಿಂದ ಮುಂದಕ್ಕೆ ವಾಲಿರುತ್ತವೆ. ಅಂಚಿಗೆ ಮುಟ್ಟದ ಚೆಂಡು ಉರುಳುತ್ತ ಕೆಳಗೆ ಮರಳುತ್ತದೆ. ಕೆಳಗಿನಿಂದ ಕಂಬದ ಬುಡ ಕಾಣದ ಕಾರಣ ಕುಳಿ ಮುಂದಿದೆಯೋ ಹಿಂದಿದೆಯೋ ತಿಳಿಯದು. ಧ್ವಜ ಮರೆತು ಗ್ರೀನಿನ ನಡುಭಾಗದ ದೂರಕ್ಕೇ ಹೊಡೆಯಿರಿ.