ಎರಡೂ ಕಡೆ ಐದೈದು ಎಂಬ ಲೆಕ್ಕ

ಎರಡು ಗುಂಪುಗಳನ್ನು ಜೋಡಿಸುವ ಆ್ಯಪ್ ಕಟ್ಟಲು ಹೊರಟವರ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಗ್ರಾಹಕರಿಂದ ಶೇ. 5, ಕೆಲಸ ಮಾಡುವವರಿಂದ ಶೇ. 5. ಯಾಕೆ ಎಂದು ಕೇಳಿದರೆ ಉತ್ತರವೂ ಒಂದೇ: ‘ಇಬ್ಬರಿಗೂ ಲಾಭ ಇದೆಯಲ್ಲ ಸಾರ್, ಸಮವಾಗಿ ಕೊಡಲಿ, ಅದೇ ನ್ಯಾಯ.’ ಆಮೇಲೆ ಗಂಟೆಗಟ್ಟಲೆ ಚರ್ಚೆ ನಡೆಯುವುದು ಒಟ್ಟು ಹತ್ತೋ ಹನ್ನೆರಡೋ ಎಂಬುದರ ಮೇಲೆ. ಆ ಹತ್ತನ್ನು ಯಾರ ತಲೆಗೆ ಎಷ್ಟು ಹಂಚಬೇಕು ಎಂಬುದನ್ನು ಯಾರೂ ಎತ್ತುವುದಿಲ್ಲ. ವ್ಯಾಪಾರ ಏಳುವುದೂ ಬೀಳುವುದೂ ಅಲ್ಲೇ.

ಮನೆ ರಿಪೇರಿಯ ಆ್ಯಪ್ ಒಂದನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಶುಲ್ಕವೇ ಇಲ್ಲದಿದ್ದರೆ 100 ಮನೆಯವರು, 100 ಕೆಲಸಗಾರರು ಬರುತ್ತಾರೆ ಅಂದುಕೊಳ್ಳಿ. ಮನೆಯವರ ಫೋನಿನಲ್ಲಿ ಪರಿಚಯದ ಪ್ಲಂಬರ್ ನಂಬರ್ ಹೇಗೂ ಇರುತ್ತದೆ. ಹಾಗಾಗಿ ಅವರ ಮೇಲೆ ಪ್ರತಿ ಶೇ. 5 ಹಾಕಿದಾಗಲೂ 30 ಜನ ಜಾರಿಕೊಳ್ಳುತ್ತಾರೆ. ಕೆಲಸಗಾರರಿಗೆ ಖಾಲಿ ಕೂರುವುದೇ ದೊಡ್ಡ ನಷ್ಟ, ಆದ್ದರಿಂದ ಅವರ ಮೇಲೆ ಪ್ರತಿ ಶೇ. 5 ಹಾಕಿದರೆ ಹೋಗುವುದು 10 ಜನ. ಈಗ ಐದೈದು ಹಾಕಿ: 70 ಮನೆ, 90 ಕೆಲಸಗಾರರು, ಸಾಧ್ಯವಿರುವ ಜೋಡಿಗಳು 6,300. ಹತ್ತನ್ನೂ ಕೆಲಸಗಾರರ ಕಡೆಗೆ ಸರಿಸಿ: 100 ಮನೆ, 80 ಕೆಲಸಗಾರರು, 8,000 ಜೋಡಿ. ಹತ್ತನ್ನೂ ಮನೆಯವರ ಮೇಲೆ ಹೇರಿ: 40 ಮನೆ, 100 ಕೆಲಸಗಾರರು, ಬರೀ 4,000. ಮೂರರಲ್ಲೂ ನೀವು ತೆಗೆದುಕೊಳ್ಳುವುದು ಅದೇ ಹತ್ತು. ಆದರೆ ಒಂದರಲ್ಲಿ ಆಗುವ ವ್ಯವಹಾರ ಇನ್ನೊಂದರ ಎರಡರಷ್ಟು.

ಇದು ಒರಟು ಲೆಕ್ಕ, ಎಲ್ಲ ಜೋಡಿಯೂ ಕೆಲಸವಾಗುವುದಿಲ್ಲ. ಆದರೆ ಅದು ಮುಚ್ಚಿಟ್ಟ ಭಾಗ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಮನೆಯವರು 100ಕ್ಕೆ 100 ಉಳಿದಿದ್ದಾರೆ ಎಂದು ಗೊತ್ತಾದರೆ, ಬಿಟ್ಟುಹೋದ 20 ಕೆಲಸಗಾರರಲ್ಲಿ ಕೆಲವರು ಶುಲ್ಕ ಕೊಟ್ಟಾದರೂ ವಾಪಸ್ ಬರುತ್ತಾರೆ. ಮನೆಯವರು ಹೋದರೆ, ಶುಲ್ಕವೇ ಇಲ್ಲದಿದ್ದರೂ ಕೆಲಸಗಾರರು ಅವರ ಹಿಂದೆಯೇ ಹೋಗುತ್ತಾರೆ.

ಅರ್ಥಶಾಸ್ತ್ರಜ್ಞರಾದ ಜಾನ್ ಶಾರ್ಲ್ ರೋಶೆ ಮತ್ತು ಜಾನ್ ತಿರೋಲ್ ಇದನ್ನು ಸೂತ್ರಕ್ಕೆ ಇಳಿಸಿದ್ದು ಈ ಶತಮಾನದ ಆರಂಭದಲ್ಲಿ. ವ್ಯಾಪಾರಿಗಳಿಗೆ ಅದಕ್ಕೂ ಮೊದಲೇ ಅದರ ವಾಸನೆ ಹತ್ತಿತ್ತು. 1950ರಲ್ಲಿ ಶುರುವಾದ ಡೈನರ್ಸ್ ಕ್ಲಬ್ ಕಾರ್ಡು ಹೋಟೆಲಿನವರಿಂದ ಬಿಲ್ಲಿನ ಶೇ. 7 ಕಿತ್ತುಕೊಂಡಿತು. ಊಟ ಮಾಡಿದವರ ಬಿಲ್ಲಿಗೆ ಒಂದು ಕಾಸೂ ಸೇರಿಸಲಿಲ್ಲ. ಅಡೋಬಿ 1993ರಲ್ಲಿ ಪಿಡಿಎಫ್ ಓದುವ ತಂತ್ರಾಂಶಕ್ಕೂ ದುಡ್ಡು ಕೇಳಿತ್ತು. ಮರುವರ್ಷವೇ ಅದನ್ನು ಪುಕ್ಕಟೆ ಮಾಡಿ, ಪಿಡಿಎಫ್ ತಯಾರಿಸುವವರಿಂದ ಮಾತ್ರ ವಸೂಲಿ ಮಾಡತೊಡಗಿತು. ಓದುವವರೇ ಇಲ್ಲದಿದ್ದರೆ ತಯಾರಿಸುವವನು ಯಾರಿಗೆ ಕಳಿಸಬೇಕು?

ಇಷ್ಟು ಹೇಳಿದ ಮೇಲೂ ಬಹಳ ಜನ ಎಡವುವ ಜಾಗ ಇದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೆಲಸಗಾರನ ಮೇಲೆ ಹಾಕಿದ ಶೇ. 10ನ್ನು ಅವನು ತನ್ನ ದರಕ್ಕೆ ಸೇರಿಸಿ ಮನೆಯವರಿಂದಲೇ ವಸೂಲಿ ಮಾಡಬಹುದಾದರೆ, ನೀವು ಮಾಡಿದ ಹಂಚಿಕೆಗೆ ಅರ್ಥವೇ ಇಲ್ಲ. ಕಾಗದದಲ್ಲಿ ಅವನ ಹೆಸರು, ಜೇಬು ಇವರದು. ಹಂಚಿಕೆ ನಿಜವಾಗಿ ನಿಲ್ಲಬೇಕಾದರೆ ದರಪಟ್ಟಿ ನಿಮ್ಮ ಕೈಯಲ್ಲಿರಬೇಕು, ಅಥವಾ ಶುಲ್ಕವನ್ನು ದಾಟಿಸಲು ಬೇರೇನಾದರೂ ತಡೆ ಇರಬೇಕು. ಕಾರ್ಡ್ ಕಂಪನಿಗಳು ‘ಕಾರ್ಡಿಗೆ ಹೆಚ್ಚುವರಿ ಹಣ ಕೇಳಕೂಡದು’ ಎಂದು ಅಂಗಡಿಯವರಿಗೆ ಷರತ್ತು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಇಂಥ ಷರತ್ತುಗಳ ಕಾನೂನು ದೇಶಕ್ಕೊಂದು ಥರ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಮೆರಿಕನ್ ಎಕ್ಸ್‌ಪ್ರೆಸ್ ಮೊಕದ್ದಮೆಯಲ್ಲಿ ಎರಡೂ ಕಡೆಯ ಪರಿಣಾಮ ನೋಡಬೇಕು ಎಂದು 5–4ರಲ್ಲಿ ತೀರ್ಪು ಕೊಟ್ಟಿತು. ಅದನ್ನು ಓದಿಕೊಂಡು ನೀವೇ ಷರತ್ತು ಬರೆಯಲು ಕೂರಬೇಡಿ, ವಕೀಲರನ್ನು ಕೇಳಿ.

ಹಾಗಾದರೆ ಯಾರನ್ನು ಬಿಟ್ಟಿ ಬಿಡಬೇಕು? ಸಾಮಾನ್ಯವಾಗಿ, ಸಣ್ಣ ಶುಲ್ಕಕ್ಕೂ ಎದ್ದು ಹೋಗುವವರನ್ನು, ಅದರಲ್ಲೂ ಅವರು ಹೋದರೆ ಎದುರು ಕಡೆ ಕುಸಿಯುವಂತಿದ್ದರೆ. ಇನ್ನೊಂದು ಸುಳಿವು ಇದೆ. ಯಾರು ಒಂದೇ ಆ್ಯಪಿಗೆ ಅಂಟಿಕೊಂಡಿರುತ್ತಾರೆ, ಯಾರು ಏಕಕಾಲಕ್ಕೆ ಮೂರರಲ್ಲಿ ಇರುತ್ತಾರೆ ನೋಡಿ. ಗ್ರಾಹಕರು ನಿಮ್ಮಲ್ಲಿ ಮಾತ್ರ ಇದ್ದರೆ ಅವರನ್ನು ತಲುಪಲು ಕೆಲಸಗಾರರಿಗೆ ನಿಮ್ಮ ಬಾಗಿಲು ಬಿಟ್ಟು ಬೇರೆ ದಾರಿಯಿಲ್ಲ. ಆಗ ಗ್ರಾಹಕರನ್ನು ಓಲೈಸುವುದು, ಎಲ್ಲ ಕಡೆ ಇರುವವರಿಂದ ವಸೂಲಿ ಮಾಡುವುದು. ಕಹಿ ಮಾತು, ಆದರೆ ಮಾರುಕಟ್ಟೆ ಹೆಚ್ಚಾಗಿ ಹಾಗೇ ನಡೆಯುತ್ತದೆ. ಒಂದೇ ಅಳತೆ ಎಲ್ಲರಿಗೂ ಹೊಂದುತ್ತದೆ ಎಂದು ಮಾತ್ರ ಭಾವಿಸಬೇಡಿ. ನುರಿತ ಕೆಲಸಗಾರರೇ ಅಪರೂಪವಾಗಿರುವ ಕಸುಬಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ.

ಓಲೈಸುವುದೆಂದರೆ ನೋಂದಣಿಗೆ ಬಹುಮಾನ ಹಂಚುವುದಲ್ಲ. ಹಾಗೆ ಹಂಚಿದರೆ ಬರುವವರು ಬಹುಮಾನದವರು, ಕೆಲಸದವರಲ್ಲ. ನಡೆದ ವ್ಯವಹಾರಕ್ಕೆ ಕೊಡಿ, ಇಲ್ಲವೇ, ಓಲೈಸಬೇಕಾದವರು ಕೆಲಸಗಾರರಾದರೆ, ಕನಿಷ್ಠ ಗಳಿಕೆಯ ಖಾತರಿ ಕೊಡಿ: ವಾರಕ್ಕೆ ಆರು ಕೆಲಸ, ನಾಲ್ಕೇ ಸಿಕ್ಕರೆ ಎರಡರ ಹಣ ನಾವು ತುಂಬುತ್ತೇವೆ ಎಂದು. ಜೊತೆಗೆ ಎರಡು ಷರತ್ತು: ಹೇಳಿದ ಗಂಟೆಗಳಲ್ಲಿ ಆ್ಯಪ್ ತೆರೆದಿರಬೇಕು, ಬಂದ ಕರೆಗಳಲ್ಲಿ ಹತ್ತಕ್ಕೆ ಎಂಟನ್ನಾದರೂ ಒಪ್ಪಬೇಕು. ಎರಡನೆಯದನ್ನು ಬಿಟ್ಟರೆ ಖಾತರಿ ಪಡೆದು ಮಲಗುವವರಿಗೆ ಕೊರತೆ ಇರುವುದಿಲ್ಲ.

ಈ ಖರ್ಚನ್ನು ಎಲ್ಲೆಡೆ ಚೆಲ್ಲಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. 1,000 ಕೆಲಸಗಾರರು ಎಂದರೆ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. 20 ಬಡಾವಣೆ, 5 ಕಸುಬು ಎಂದು ಹಂಚಿ ನೋಡಿ, ಒಂದು ಬಡಾವಣೆಯ ಒಂದು ಕಸುಬಿಗೆ ಬಂದದ್ದು 10. ಅರ್ಧ ಜನ ಆ ಹೊತ್ತಿಗೆ ಆ್ಯಪಿನಲ್ಲಿಲ್ಲ, ಉಳಿದ ಐವರಲ್ಲಿ ಮೂವರು ಬೇರೆ ಕಡೆ ನಲ್ಲಿ ಬಿಚ್ಚಿಕೊಂಡು ಕೂತಿದ್ದಾರೆ. ಗ್ರಾಹಕರ ಪರದೆಯಲ್ಲಿ ಕಾಣುವುದು ಇಬ್ಬರು. ಆದ್ದರಿಂದ ಒಟ್ಟು ನೋಂದಣಿಯ ಗ್ರಾಫ್ ಪಕ್ಕಕ್ಕಿಡಿ. ಬಂದ ಕೋರಿಕೆಗಳಲ್ಲಿ ಎಷ್ಟಕ್ಕೆ 15 ನಿಮಿಷದೊಳಗೆ ಒಪ್ಪಿಗೆ ಸಿಕ್ಕಿತು ಎಂಬುದನ್ನು ಬಡಾವಣೆ, ಕಸುಬು, ಹೊತ್ತು ಮೂರರ ಪ್ರಕಾರ ಬಿಡಿಸಿ ನೋಡಿ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ತನ್ನ ಕಾರ್ಡನ್ನು ದೇಶಕ್ಕೆಲ್ಲ ಒಮ್ಮೆಗೇ ಬಿಡಲಿಲ್ಲ. ಫ್ರೆಸ್ನೊ ಎಂಬ ಒಂದೇ ಊರಿನಲ್ಲಿ ಸುಮಾರು 60,000 ಕಾರ್ಡುಗಳನ್ನು, ಯಾರೂ ಕೇಳದಿದ್ದರೂ, ಅಂಚೆಯಲ್ಲಿ ಹಾಕಿತು. ಅಂಗಡಿಯವರಿಗೆ ‘ಇಲ್ಲ’ ಎನ್ನುವುದು ಕಷ್ಟವಾಯಿತು. ಬಾಕಿದಾರರಿಂದ ಬ್ಯಾಂಕಿಗೂ ಆಮೇಲೆ ಸಾಕಷ್ಟು ಏಟು ಬಿತ್ತು, ಹಾಗಾಗಿ ಊರು ಹಿಡಿಯುವ ವಿಧಾನವನ್ನು ಮಾತ್ರ ಕಲಿಯಿರಿ.

ಕೊನೆಗೆ, ಬಿಟ್ಟಿ ಕೊಟ್ಟವರಿಂದ ಮುಂದೆ ವಸೂಲಿ ಮಾಡುವ ಆಸೆ ಇದ್ದರೆ ಮೊದಲ ಬಿಲ್ಲಿನಿಂದಲೇ ಆ ಸಾಲು ಅಚ್ಚಾಗಿರಲಿ: ಸೇವಾ ಶುಲ್ಕ ಇಷ್ಟು, ರಿಯಾಯಿತಿ ಅಷ್ಟೇ, ಪಾವತಿಸಬೇಕಾದದ್ದು 0, ರಿಯಾಯಿತಿ ಇಂಥ ದಿನದವರೆಗೆ. ದಿನಾಂಕ ಮುಂದೂಡುತ್ತಾ ಹೋಗಬಹುದು. ಇಲ್ಲದ ಸಾಲನ್ನು ಎರಡು ವರ್ಷದ ಮೇಲೆ ಹೊಸದಾಗಿ ಸೇರಿಸಿದಾಗ ಬರುವ ಫೋನ್ ಕರೆಗಳಿಗೆ ಉತ್ತರಿಸುವುದು ಬೇರೆಯೇ ಕಷ್ಟ.