ಲಕ್ವದ ನಂತರ ಮಣಿಕಟ್ಟಿನ ಬಿಗಿತ: ನರದ್ದೋ, ಸ್ನಾಯುವಿನದ್ದೋ?

ಲಕ್ವ ಹೊಡೆದು ಕೆಲವು ವಾರ ಕಳೆಯುವಷ್ಟರಲ್ಲಿ ಎಷ್ಟೋ ಜನರ ಮಣಿಕಟ್ಟು ಒಳಮುಖವಾಗಿ ಬಾಗಿ ಬಿಗಿಯತೊಡಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಮಿದುಳಿನ ಹತೋಟಿ ತಪ್ಪಿದಾಗ ಬೆನ್ನುಹುರಿಯ ಪ್ರತಿವರ್ತನೆ ಕೆರಳಿ, ಸ್ನಾಯುವನ್ನು ವೇಗವಾಗಿ ಹಿಗ್ಗಿಸಿದೊಡನೆ ಅದು ತಾನಾಗಿ ಸಂಕುಚಿಸುತ್ತದೆ. ಇದು ಸ್ಪಾಸ್ಟಿಸಿಟಿ. ಎರಡನೆಯದು ಕಾಂಟ್ರಾಕ್ಚರ್: ಒಂದೇ ಭಂಗಿಯಲ್ಲಿ ಬಿದ್ದಿದ್ದ ಸ್ನಾಯು ಮೊಟಕಾಗಿ ಗಡುಸಾಗುವುದು. ಕೈ ಹಿಡಿದು ನೋಡಿದವರಿಗೆ ಎರಡೂ ಒಂದೇ ಥರ. ಆದರೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೆಲಸ ಮಾಡುವುದು ಮೊದಲನೆಯದರ ಮೇಲೆ ಮಾತ್ರ. ಮೂರು-ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿದುಹೋಗುವ ಆ ದುಬಾರಿ ಮದ್ದನ್ನು ಮೊಟಕಾದ ಸ್ನಾಯುವಿಗೆ ಹಾಕಿದರೆ ದುಡ್ಡು ದಂಡ.

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ನಡೆಯುವುದು ಪರಿಷ್ಕೃತ ಆಶ್‌ವರ್ತ್ ಅಳತೆ. 1964ರ ಮೂಲ ಅಳತೆಗೆ 1987ರಲ್ಲಿ ಬೊಹಾನನ್ ಮತ್ತು ಸ್ಮಿತ್ ‘1+’ ದರ್ಜೆ ಸೇರಿಸಿದರು. ಈಗ 0ಯಿಂದ 4ರವರೆಗೆ ಆರು ದರ್ಜೆ. ಫಿಸಿಯೋಥೆರಪಿಸ್ಟ್ ಕೈಯನ್ನು ಸುಮಾರು ಒಂದು ಸೆಕೆಂಡಿನಲ್ಲಿ ಚಾಚಿ, ಎಷ್ಟು ತಡೆ ಬಂತೆಂದು ಅಂದಾಜಿಸುತ್ತಾರೆ. ಅಳೆದದ್ದು ಒಟ್ಟು ತಡೆ. ಅದು ಎಲ್ಲಿಂದ ಬಂತೆಂದು ಈ ಅಂಕಿ ಹೇಳುವುದಿಲ್ಲ. ಒಬ್ಬರು ತುಸು ಬೇಗ, ಇನ್ನೊಬ್ಬರು ತುಸು ನಿಧಾನವಾಗಿ ಚಾಚಿದರೂ ದರ್ಜೆ ಬದಲಾಗಬಹುದು.

ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಒಂದಿದ್ದರೆ ಟಾರ್ಡ್ಯೂ ವಿಧಾನ ಇದಕ್ಕಿಂತ ವಾಸಿ. ಕಿರುಬೆರಳ ಕಡೆಯ ಮಣಿಕಟ್ಟಿನ ಅಂಚಿಗೆ ಅದರ ಕೇಂದ್ರ, ಒಂದು ತೋಳು ಮೊಣಕೈಯತ್ತ, ಇನ್ನೊಂದು ಕಿರುಬೆರಳಿನ ಅಂಗೈಮೂಳೆಯ ಗುಂಟ. ಮೊದಲು ಆದಷ್ಟು ನಿಧಾನವಾಗಿ, ಆಮೇಲೆ ಆದಷ್ಟು ವೇಗವಾಗಿ ಚಾಚುವುದು. ನಿಧಾನಕ್ಕೆ ಕೈ 50 ಡಿಗ್ರಿವರೆಗೆ ಹಿಂದಕ್ಕೆ ಹೋಗಿ, ವೇಗಕ್ಕೆ 10 ಡಿಗ್ರಿಯಲ್ಲೇ ಗಕ್ಕನೆ ಹಿಡಿದರೆ, ಆ 40 ಡಿಗ್ರಿ ಅಂತರ ಪ್ರತಿವರ್ತನೆಯ ಕಡೆ ಬೆರಳು ತೋರಿಸುತ್ತದೆ. ನಿಧಾನಕ್ಕೂ 15 ಡಿಗ್ರಿಯಲ್ಲೇ ನಿಂತರೆ ಸ್ನಾಯು ಮೊಟಕಾಗಿರುವ ಸಂಶಯವೇ ಹೆಚ್ಚು.

ಇದೇ ತರ್ಕವನ್ನು ಯಂತ್ರಕ್ಕಿಳಿಸಿದ್ದು ಸ್ವೀಡನ್ನಿನ ನ್ಯೂರೋಫ್ಲೆಕ್ಸರ್. ಅಂಗೈಯನ್ನು ಚಲಿಸುವ ಹಲಗೆಗೆ ಕಟ್ಟಿ, ಮೋಟರಿನಿಂದ ಮಣಿಕಟ್ಟನ್ನು 50 ಡಿಗ್ರಿ ಚಾಚಿಸುತ್ತಾರೆ: ಒಮ್ಮೆ ಸೆಕೆಂಡಿಗೆ 5 ಡಿಗ್ರಿ ವೇಗದಲ್ಲಿ, ಒಮ್ಮೆ 236 ಡಿಗ್ರಿ ವೇಗದಲ್ಲಿ. ಮೊದಲನೆಯದಕ್ಕೆ ಹತ್ತು ಸೆಕೆಂಡು ಬೇಕು, ಎರಡನೆಯದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿಯುತ್ತದೆ. ನಿಧಾನ ಚಲನೆ ಪ್ರತಿವರ್ತನೆಯನ್ನು ಕೆಣಕುವುದಿಲ್ಲ. ಅದು ಮುಗಿದು ಒಂದು ಸೆಕೆಂಡಿನ ಬಳಿಕವೂ ಉಳಿದ ಬಲ ಅಂಗಾಂಶದ ಸ್ಥಿತಿಸ್ಥಾಪಕ ತಡೆ. ವೇಗದ ಚಲನೆಯ ಆರಂಭದಲ್ಲಿ ಏಳುವ ಶಿಖರ ಕೈಯ ಜಡತ್ವದ್ದೂ ಸ್ನಿಗ್ಧತೆಯದ್ದೂ. ಸ್ನಿಗ್ಧತೆ ಎಂದರೆ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ ಹಾಗೆ, ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಚಲನೆಯ ಕೊನೆಯ ಶಿಖರದಿಂದ ಸ್ಥಿತಿಸ್ಥಾಪಕ ತಡೆಯನ್ನೂ ಉಳಿದ ಸ್ನಿಗ್ಧತೆಯನ್ನೂ ಕಳೆದರೆ ನರದ ಪಾಲು ನ್ಯೂಟನ್ ಲೆಕ್ಕದಲ್ಲಿ ಸಿಗುತ್ತದೆ. ಕೈ ಇಲ್ಲದೆ ಬರೀ ಹಲಗೆಯನ್ನು ಓಡಿಸಿದಾಗ ಬರುವ ಬಲವನ್ನು ಮೊದಲೇ ಕಳೆಯಬೇಕು.

ಅಳತೆ ಕೆಡುವುದು ಬಹುಪಾಲು ಸಣ್ಣ ವಿಷಯಗಳಿಂದ. ಬೆರಳು ಮಡಿಸುವ ಸ್ನಾಯುಗಳು ಮಣಿಕಟ್ಟನ್ನು ದಾಟಿ ಹೋಗುತ್ತವೆ. ಇವತ್ತು ಬೆರಳು ಚಾಚಿ, ಮುಂದಿನ ಸಲ ಮಡಿಸಿ ಅಳೆದರೆ ಎರಡು ಅಂಕಿಗಳನ್ನು ಹೋಲಿಸುವುದೇ ತಪ್ಪು. ಮಣಿಕಟ್ಟಿನ ತಿರುಗು ಬಿಂದು ಯಂತ್ರದ ಅಕ್ಷದ ಮೇಲೆ ಕೂರದಿದ್ದರೆ ಚಲನೆಯ ಜೊತೆಗೆ ಅಂಗೈ ಹಲಗೆಯ ಮೇಲೆ ಜಾರುತ್ತದೆ. ಸುಮ್ಮನಿದ್ದ ಸ್ನಾಯು ಮೊದಲ ಎಳೆತಕ್ಕೆ ಹೆಚ್ಚು ಗಡುಸು, ಹೀಗಾಗಿ ಮೊದಲ ದಾಖಲೆಯನ್ನು ಬಿಡುವುದು ವಾಡಿಕೆ. ರೋಗಿ ಸಹಾಯ ಮಾಡಲೆಂದು ತಾವೇ ಕೈ ಚಾಚಿದರೂ ಲೆಕ್ಕ ತಪ್ಪುತ್ತದೆ. ಇದನ್ನು ಹಿಡಿಯಲು ಮುಂಗೈಯ ಎರಡೂ ಬದಿಗೆ, 2 ಸೆಂ.ಮೀ. ಅಂತರದ ಜೋಡಿ ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ ದಾಖಲಿಸುವ) ಎಲೆಕ್ಟ್ರೋಡ್ ಅಂಟಿಸಿ, ಸಂಕೇತ ಶಾಂತವಾದ ಮೇಲಷ್ಟೇ ಮೋಟರ್ ಚಾಲೂ ಮಾಡಬೇಕು.

ಇಷ್ಟಾದರೂ ಗೊತ್ತಾದದ್ದು ಬೇರೆಯವರು ಕೈ ಅಲ್ಲಾಡಿಸಿದಾಗಿನ ಕಥೆ. ರೋಗಿ ತಾವೇ ಅಲ್ಲಾಡಿಸುವಾಗಿನ ಹತೋಟಿಗೆ ಬೇರೆ ಪರೀಕ್ಷೆ ಬೇಕು. ದಿನದ ಕೆಲಸದ ದೃಷ್ಟಿಯಿಂದ ನೋಡಿದರೆ ಇದೇ ಹೆಚ್ಚು ಮುಖ್ಯವೆನ್ನಬೇಕು. ಪರದೆಯ ಮೇಲೆ ಮೇಲೆ-ಕೆಳಗೆ ಹೋಗುವ ಗುರಿಯನ್ನು ಮಣಿಕಟ್ಟಿನ ಚಲನೆಯಿಂದ ಬೆನ್ನಟ್ಟಿಸುತ್ತಾರೆ. ಮುಂಗೈಯನ್ನು ಹೆಬ್ಬೆರಳು ಮೇಲಿರುವಂತೆ ಇಟ್ಟರೆ ಕೈಯ ತೂಕ ಚಲನೆಗೆ ಅಡ್ಡಬರದು. ಗುರಿಯ ಓಟ ರೋಗಿ ಸ್ವತಃ ಆಡಿಸಬಲ್ಲ ವ್ಯಾಪ್ತಿಯೊಳಗೇ ಇರಬೇಕು, ಇಲ್ಲದಿದ್ದರೆ ಬಲಹೀನತೆಯನ್ನೇ ಹತೋಟಿಯ ದೋಷವೆಂದು ಬರೆದುಕೊಂಡಂತಾಗುತ್ತದೆ. ಸರಾಸರಿ ತಪ್ಪು ಎಷ್ಟು ಡಿಗ್ರಿ ಎಂಬ ಒಂದೇ ಅಂಕಿ ಸಾಲದು: ಗುರಿಗಿಂತ ಎಷ್ಟು ತಡ, ಚಲನೆ ಎಷ್ಟು ಕಿರಿದು, ಗುರಿಗೆ ಸಂಬಂಧವೇ ಇಲ್ಲದ ನಡುಕ ಎಷ್ಟು ಎಂದು ಬಿಡಿಸಬೇಕು. ಎದುರುಬದುರು ಸ್ನಾಯುಗಳು ಒಟ್ಟಿಗೆ ಬಿಗಿಯುತ್ತಿವೆಯೇ ಎಂದು ಇಎಂಜಿಯಲ್ಲಿ ನೋಡುವಾಗಲೂ ಎಡವುವ ಜಾಗ ಒಂದಿದೆ. ಸಂಕೇತವನ್ನು ರೋಗಿಯ ಗರಿಷ್ಠ ಪ್ರಯತ್ನದ ಶೇಕಡಾವಾರಾಗಿ ಬರೆಯುತ್ತಾರೆ. ಲಕ್ವದ ನಂತರ ಆ ಗರಿಷ್ಠವೇ ಕುಸಿದಿರುವುದರಿಂದ ಸಣ್ಣ ಚಟುವಟಿಕೆಯೂ ದೊಡ್ಡದಾಗಿ ಕಾಣುತ್ತದೆ. ಕಚ್ಚಾ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.